ಐಪಿ 65 ಡಬ್ಬಿಯೊಳಗೆ ನೀರು ಬಂದದ್ದು ಎಲ್ಲಿಂದ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ವಿದ್ಯುತ್ ಉಪಕರಣಗಳ ಮೇಲೆ ಅಚ್ಚಾಗಿರುವ ‘ಐಪಿ’ ಅಂಕಿಗಳ (ಧೂಳು, ನೀರು ಒಳಗೆ ಹೋಗದಂತೆ ಎಷ್ಟು ರಕ್ಷಣೆಯಿದೆ ಎಂದು ಹೇಳುವ ಅಂಕಿಗಳ) ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಅಂಗಡಿಯಲ್ಲಿ ಐಪಿ 44, ಐಪಿ 55, ಐಪಿ 65 ಅಂತ ತೋರಿಸುತ್ತಾ ಬೆಲೆ ಏರಿಸುತ್ತಾ ಹೋಗುತ್ತಾರೆ. ಅಂಕಿ ದೊಡ್ಡದಾದಷ್ಟೂ ಮಾಲು ಒಳ್ಳೆಯದು ಎಂದೇ? (ದಾವಣಗೆರೆ)

ಉತ್ತರ: ಅದನ್ನು ‘ಅರವತ್ತೈದು’ ಎಂದು ಓದಬೇಡಿ, ‘ಆರು, ಐದು’ ಎಂದು ಬಿಡಿಸಿ ಓದಿ. ಮೊದಲ ಅಂಕಿಗೂ ಎರಡನೆಯದಕ್ಕೂ ಸಂಬಂಧವಿಲ್ಲ. ಮೊದಲನೆಯದು ಗಟ್ಟಿ ವಸ್ತುವಿನದು, ಎರಡನೆಯದು ನೀರಿನದು. ನಿಯಮ ಅಂತರರಾಷ್ಟ್ರೀಯ ಮಾನಕ ಐಇಸಿ 60529. ನಮ್ಮಲ್ಲಿ ಅದೇ ಐಎಸ್/ಐಇಸಿ 60529 ಎಂದು ಜಾರಿಯಲ್ಲಿದೆ.

ಮೊದಲ ಅಂಕಿ 1 ಆದರೆ 50 ಮಿಲಿಮೀಟರ್ ಗುಂಡು ಒಳಗೆ ಹೋಗದು. 2 ಆದರೆ 12.5 ಮಿ.ಮೀ. ಗುಂಡೂ ಹೋಗದು, ಜೊತೆಗೆ 12 ಮಿ.ಮೀ. ದಪ್ಪ, 80 ಮಿ.ಮೀ. ಉದ್ದದ ಪರೀಕ್ಷಾ ಬೆರಳು ಕರೆಂಟಿರುವ ಭಾಗವನ್ನು ಮುಟ್ಟಲಾರದು. 3ಕ್ಕೆ 2.5 ಮಿ.ಮೀ., 4ಕ್ಕೆ 1 ಮಿ.ಮೀ. ತಂತಿ. 5ರಿಂದ ಧೂಳಿನ ಲೆಕ್ಕ ಶುರು. ಟಾಲ್ಕಂ ಪುಡಿ ಹಾರಾಡುವ ಪೆಟ್ಟಿಗೆಯಲ್ಲಿ ಉಪಕರಣವನ್ನಿಟ್ಟು, ಹಲವು ಬಾರಿ ಒಳಗಿನ ಗಾಳಿಯನ್ನು ಸ್ವಲ್ಪ ಹೀರುತ್ತಾ ಗಂಟೆಗಟ್ಟಲೆ ನೋಡುತ್ತಾರೆ. ಪರೀಕ್ಷೆ ಎಂಟು ಗಂಟೆಯವರೆಗೂ ನಡೆಯಬಹುದು. 5 ಎಂದರೆ ಒಂದಿಷ್ಟು ಧೂಳು ಒಳಗೆ ಹೋದರೂ ಕೆಲಸ ಕೆಡದು. 6 ಎಂದರೆ ಒಳಗೆ ಧೂಳೇ ಕಾಣಕೂಡದು.

ನೀರಿನ ಅಂಕಿಯಲ್ಲಿ 1 ಮತ್ತು 2 ಮೇಲಿಂದ ತೊಟ್ಟಿಕ್ಕುವ ಹನಿ. 3 ಎಂದರೆ ನೆಟ್ಟಗಿನಿಂದ 60 ಡಿಗ್ರಿವರೆಗೆ ವಾಲಿ ಬೀಳುವ ಸಿಂಚನ. 4 ಎಂದರೆ ಯಾವ ದಿಕ್ಕಿನಿಂದ ಎರಚಿದರೂ ಸರಿ. 5ಕ್ಕೆ 6.3 ಮಿ.ಮೀ. ಬಾಯಿಯ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್, ಅಂದರೆ 15 ಲೀಟರಿನ ಬಕೆಟ್ ಸುಮಾರು 72 ಸೆಕೆಂಡಿನಲ್ಲಿ ತುಂಬುವ ಧಾರೆ. 6ಕ್ಕೆ 12.5 ಮಿ.ಮೀ. ನಳಿಕೆ, ನಿಮಿಷಕ್ಕೆ 100 ಲೀಟರ್. ಅದೇ ಬಕೆಟ್ 9 ಸೆಕೆಂಡಿಗೇ ತುಂಬುತ್ತದೆ. 5ರಿಂದ 6ಕ್ಕೆ ಒಂದೇ ಮೆಟ್ಟಿಲು ಅನ್ನಿಸಿದರೂ ನೀರು ಎಂಟು ಪಟ್ಟು. 7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿಸುವುದು. 8 ಎಂದರೆ 7ಕ್ಕಿಂತ ಕಠಿಣವಾಗಿ, ತಯಾರಕರು ಹೇಳಿದ ಆಳಕ್ಕೆ, ಹೇಳಿದ ಹೊತ್ತು. 2013ರಲ್ಲಿ ಸೇರಿದ 9 ಬೇರೆಯದೇ ಜಾತಿ: 80 ಡಿಗ್ರಿ ಬಿಸಿನೀರನ್ನು 80ರಿಂದ 100 ಬಾರ್ ಒತ್ತಡದಲ್ಲಿ ಗೇಣಿಗಿಂತ ಹತ್ತಿರದಿಂದ ಹೊಡೆಯುವುದು. ಡೇರಿ, ಮೀನು ಸಂಸ್ಕರಣೆಯಂಥ ಕಡೆ ಯಂತ್ರಗಳನ್ನು ಹೀಗೇ ತೊಳೆಯುತ್ತಾರೆ.

ಅಂಕಿಯ ಜಾಗದಲ್ಲಿ ‘ಎಕ್ಸ್’ ಇದ್ದರೆ ಆ ಭಾಗದ ಬಗ್ಗೆ ಏನೂ ಹೇಳಿಲ್ಲ ಎಂದರ್ಥ, ಸೊನ್ನೆ ಎಂದಲ್ಲ. ಇನ್ನೊಂದು ಸಂಗತಿ ಎಷ್ಟೋ ಎಲೆಕ್ಟ್ರಿಷಿಯನ್‌ಗಳಿಗೂ ಗೊತ್ತಿರುವುದಿಲ್ಲ: ನೀರಿನ 1ರಿಂದ 6ರವರೆಗಿನ ಪರೀಕ್ಷೆಯಲ್ಲಿ ಹನಿ ನೀರು ಒಳಗೆ ಹೋದ ಮಾತ್ರಕ್ಕೆ ಉಪಕರಣ ಫೇಲಾಗುವುದಿಲ್ಲ, ಹೋದ ನೀರು ಕೆಡುಕು ಮಾಡಿತೇ ಎಂಬುದಷ್ಟೇ ಪ್ರಶ್ನೆ.

ಪ್ರಶ್ನೆ: ಅಡಿಕೆ ತೋಟದ ಪಂಪಿಗೆ ಐಪಿ 65 ಪ್ಲಾಸ್ಟಿಕ್ ಸ್ಟಾರ್ಟರ್ ಡಬ್ಬಿ ಹಾಕಿಸಿದೆವು. ಎರಡನೇ ಮಳೆಗಾಲಕ್ಕೇ ತಳದಲ್ಲಿ ಎರಡು ಬೆರಳು ನೀರು ನಿಂತು ಪಂಪಿಗೆ ಕರೆಂಟ್ ಕೊಟ್ಟು ಕಡಿಯುವ ಕಾಂಟ್ಯಾಕ್ಟರ್ ಸುಟ್ಟಿತು. ಮುಚ್ಚಳದ ರಬ್ಬರ್ ಸರಿಯಾಗಿಯೇ ಇದೆ. ಡಬ್ಬಿ ನಕಲಿಯೇ? (ತೀರ್ಥಹಳ್ಳಿ)

ಉತ್ತರ: ಇರಲಾರದು. 65 ಎಂಬುದು ಕಾರ್ಖಾನೆಯಿಂದ ಬಂದ ತೂತಿಲ್ಲದ ಡಬ್ಬಿಗೆ ಸಿಕ್ಕ ಅಂಕಿ. ಕೇಬಲ್‌ಗಾಗಿ ನೀವು ಮೊದಲ ತೂತು ಕೊರೆದಾಗಲೇ ಆ ಅಂಕಿ ಹೋಯಿತು. ಅದು ವಾಪಸ್ ಬರಬೇಕಾದರೆ ಕೇಬಲನ್ನು ರಬ್ಬರಿನಿಂದ ಬಿಗಿದು ಹಿಡಿಯಲು ತೂತಿನಲ್ಲಿ ಕೂರಿಸುವ ಗ್ಲ್ಯಾಂಡ್‌ಗೂ ಅಷ್ಟೇ ತಾಕತ್ತಿರಬೇಕು.

ನಮ್ಮ ಕಡೆಯ ಪಂಪ್ ಡಬ್ಬಿಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಸಬ್‌ಮರ್ಸಿಬಲ್ ಪಂಪಿನ ಮೂರೆಳೆ ಕೇಬಲ್ ಚಪ್ಪಟೆ. ಗ್ಲ್ಯಾಂಡಿನ ರಬ್ಬರ್ ದುಂಡು. ನಟ್ ಎಷ್ಟು ತಿರುಗಿಸಿದರೂ ರಬ್ಬರ್ ಕೇಬಲಿನ ಅಗಲದ ಎರಡು ತುದಿಗಳನ್ನು ಮಾತ್ರ ಕಚ್ಚುತ್ತದೆ. ಚಪ್ಪಟೆ ಮೈಯ ಮೇಲೆ, ಕೆಳಗೆ ಅರೆಚಂದ್ರದಂಥ ಸಂದು ಉಳಿಯುತ್ತದೆ. ಕೇಬಲ್ ಮೇಲಿನಿಂದ ಇಳಿದು ಬಂದಿದ್ದರೆ ಮಳೆನೀರು ಅದರ ಮೈಮೇಲೆ ಹರಿದು ನೇರ ಒಳಗೆ. ಒಂದೇ ಗ್ಲ್ಯಾಂಡಿನಲ್ಲಿ ಮೂರು ಬಿಡಿ ವೈರು ತೂರಿಸಿದರೂ ಇದೇ ಗತಿ.

ಸರಿಪಡಿಸುವ ಕ್ರಮ ಹೀಗೆ. ಮೀಟರ್ ಬೋರ್ಡಿನ ಮೈನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ಕಿತ್ತಿಡಿ. ಡಬ್ಬಿಯ ಮೇಲ್ಭಾಗದ ತೂತುಗಳಿಗೆಲ್ಲ ರಬ್ಬರ್ ವಾಷರ್ ಸಮೇತ ತಿರುಪಿನ ಪ್ಲಗ್ ಹಾಕಿ. ಎಲ್ಲ ಕೇಬಲ್ ತಳದಿಂದಲೇ ಬರಲಿ. ಗ್ಲ್ಯಾಂಡಿನ ಅಳತೆಯನ್ನು ಕೇಬಲಿನ ಹೊರ ವ್ಯಾಸ ನೋಡಿ ಆರಿಸಿ, ಕಣ್ಣಂದಾಜಿನಿಂದಲ್ಲ. ಎಂ20 (20 ಮಿ.ಮೀ. ತಿರುಪಿನ) ಗ್ಲ್ಯಾಂಡ್ ಸಾಮಾನ್ಯವಾಗಿ 6ರಿಂದ 12 ಮಿ.ಮೀ. ಕೇಬಲನ್ನು, ಎಂ25 ಸುಮಾರು 13ರಿಂದ 18 ಮಿ.ಮೀ. ಕೇಬಲನ್ನು ಹಿಡಿಯುತ್ತದೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸವಿರುವುದರಿಂದ ಪ್ಯಾಕೆಟ್ ಮೇಲಿನ ಅಳತೆ ನೋಡಿ. ಎಂ20ಕ್ಕೆ 20.5 ಮಿ.ಮೀ. ತೂತು ಕೊರೆಯುವ ಹೋಲ್ ಸಾ ಸಾಕು; 22 ಹಾಕಿದರೆ ವಾಷರ್ ಕೂರುವುದಕ್ಕೆ ಅಂಚೇ ಉಳಿಯದು. ಚಪ್ಪಟೆ ಕೇಬಲ್‌ಗೆ ಚಪ್ಪಟೆ ಕಂಡಿಯ ರಬ್ಬರ್ ಇರುವ ಗ್ಲ್ಯಾಂಡ್ ಸಿಗುತ್ತದೆ. ಸಿಗದಿದ್ದರೆ ಡಬ್ಬಿಯ ಕೆಳಗೆ ಸಣ್ಣ ಜಂಕ್ಷನ್ ಬಾಕ್ಸ್ ಇಟ್ಟು, ಚಪ್ಪಟೆ ಕೇಬಲನ್ನು ಅಲ್ಲಿಗೇ ಮುಗಿಸಿ, ಅಲ್ಲಿಂದ ದುಂಡು ಕೇಬಲ್ ತನ್ನಿ. ಗ್ಲ್ಯಾಂಡಿಗೆ ಬರುವ ಮುಂಚೆ ಕೇಬಲ್ ಒಂದು ಗೇಣು ಕೆಳಗಿಳಿದು ಮೇಲೇರುವಂತೆ ಬಾಗಿಸಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಸಿಲಿಕೋನ್ ಮೆತ್ತುವವರು ಒಮ್ಮೆ ಮೂಸಿ ನೋಡಿ. ವಿನಿಗರ್ ವಾಸನೆ ಬಂದರೆ ಅದು ಆರುವಾಗ ಅಸಿಟಿಕ್ ಆಮ್ಲ ಬಿಡುವ ಬಗೆ. ಮುಚ್ಚಿದ ಡಬ್ಬಿಯೊಳಗೆ ತಾಮ್ರದ ತುದಿಗಳು ಹಸಿರುಗಟ್ಟುತ್ತವೆ. ‘ನ್ಯೂಟ್ರಲ್’ ಎಂದು ಬರೆದಿರುವ ಟ್ಯೂಬ್ ಕೇಳಿ ತನ್ನಿ.

ಇದೆಲ್ಲ ಸರಿಯಿದ್ದೂ ನೀರು ಬರುವುದುಂಟು. ಅದರ ಹಿಂದೆ ಬಿಸಿಲಿನ ಆಟವಿದೆ. ಬಿಸಿಲಿಗೆ ಒಡ್ಡಿದ ಡಬ್ಬಿಯೊಳಗಿನ ಗಾಳಿ 60 ಡಿಗ್ರಿಗೆ ಕಾದಿದೆ ಅನ್ನಿ. ದಿಢೀರನೆ ಮಳೆ ಸುರಿದು ಅದು 25 ಡಿಗ್ರಿಗೆ ಇಳಿದರೆ, ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಒತ್ತಡ ನೂರಕ್ಕೆ ಹತ್ತರಷ್ಟು ಕುಸಿಯುತ್ತದೆ. ಅದು ಸುಮಾರು 10 ಕಿಲೋಪಾಸ್ಕಲ್, ಅಂದರೆ ಒಂದು ಮೀಟರ್ ನೀರಿನ ಒತ್ತಡ. ಮುಚ್ಚಳದ ಅಂಚಿನಲ್ಲಿ ನಿಂತ ಮಳೆನೀರನ್ನು ಡಬ್ಬಿ ತಾನೇ ಒಳಗೆಳೆದುಕೊಳ್ಳುತ್ತದೆ. ಪ್ರಯೋಗಾಲಯದ ಧೂಳಿನ ಪರೀಕ್ಷೆಯಲ್ಲಿ ಹೀರುವುದು ಹೆಚ್ಚೆಂದರೆ 2 ಕಿಲೋಪಾಸ್ಕಲ್. ಮುಳುಗಿಸುವ ಪರೀಕ್ಷೆಯಲ್ಲಂತೂ ನೀರಿಗೂ ಉಪಕರಣಕ್ಕೂ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದೆಂಬ ನಿಯಮವೇ ಇದೆ. ತೋಟದ ಮಳೆಗೆ ಆ ನಿಯಮ ಗೊತ್ತಿಲ್ಲ.

ಜೊತೆಗೆ ಇಬ್ಬನಿ. 30 ಡಿಗ್ರಿಯಲ್ಲಿ ಶೇ. 90 ತೇವವಿರುವ ಮಲೆನಾಡಿನ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 27 ಗ್ರಾಂ ನೀರಿನಾವಿ ಇರುತ್ತದೆ. ರಾತ್ರಿ 20 ಡಿಗ್ರಿಗೆ ಇಳಿದಾಗ 17 ಗ್ರಾಂ ಮಾತ್ರ ಹಿಡಿಯುತ್ತದೆ. 30×30×20 ಸೆಂಟಿಮೀಟರ್ ಡಬ್ಬಿಯಲ್ಲಿ ಇದು ಮೂರು-ನಾಲ್ಕು ಹನಿ ಅಷ್ಟೇ. ಆದರೆ ಹಗಲು ಬಿಸಿಗಾಳಿ ಹೊರಗೆ, ರಾತ್ರಿ ತೇವದ ಗಾಳಿ ಒಳಗೆ ಎಂದು ಡಬ್ಬಿ ದಿನವೂ ಉಸಿರಾಡುತ್ತಿದ್ದರೆ ಹನಿ ಸೇರುತ್ತಲೇ ಇರುತ್ತದೆ, ಹೊರಹೋಗಲು ದಾರಿಯಿಲ್ಲ. ಆದ್ದರಿಂದ ಡಬ್ಬಿಯ ತಳದಲ್ಲಿ ಎಂ12 ಬ್ರೀದರ್ ಡ್ರೈನ್ ಪ್ಲಗ್ ಹಾಕಿಸಿ. ಅದು ಗಾಳಿಯಾಡಿಸುತ್ತದೆ, ಒಳಗೆ ನಿಂತ ನೀರನ್ನೂ ಹೊರಬಿಡುತ್ತದೆ. ಒತ್ತಡ ಸರಿದೂಗಿದರೆ ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಮೇಲಿನ ಭಾರವೂ ಇಳಿಯುತ್ತದೆ. ಪೊರೆ ಮಾತ್ರ ಇರುವ ಪ್ಲಗ್‌ಗಳು ಗಾಳಿಯಾಡಿಸುತ್ತವೆ, ನಿಂತ ನೀರನ್ನು ಬಿಡುವುದಿಲ್ಲ. ಕೊಳ್ಳುವಾಗ ‘ಡ್ರೈನ್’ ಎಂದು ಸ್ಪಷ್ಟವಾಗಿ ಕೇಳಿ. ಬರೀ ತೂತು ಕೊರೆದು ಬಿಟ್ಟರೆ ಇರುವೆ, ಹಲ್ಲಿ ಒಳಗೆ ಸೇರುತ್ತವೆ. ಕಣಜ ಮಣ್ಣು ಮೆತ್ತಿ ತೂತನ್ನೇ ಮುಚ್ಚುತ್ತದೆ.

ಎಲ್ಲಕ್ಕಿಂತ ಅಗ್ಗದ ಮದ್ದು ಡಬ್ಬಿಯ ಮೇಲೊಂದು ಇಳಿಜಾರು ತಗಡು, ಸುತ್ತ ಅರ್ಧ ಅಡಿ ಹೊರಚಾಚಿದ್ದು. ಬಿಸಿಲನ್ನೂ ಮಳೆಯನ್ನೂ ಒಟ್ಟಿಗೇ ತಡೆಯುತ್ತದೆ. ತಗಡಿನ ಕೆಳಗಿರುವ ಐಪಿ 54 ಡಬ್ಬಿ ಬಯಲಲ್ಲಿ ನಿಂತ ಐಪಿ 65 ಡಬ್ಬಿಗಿಂತ ಹೆಚ್ಚು ಬಾಳುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಅಕ್ಕಿ ಗಿರಣಿಯಲ್ಲಿ 10 ಎಚ್‌ಪಿ ಮೋಟಾರಿಗೆ ಅದರ ವೇಗ ಹೆಚ್ಚುಕಡಿಮೆ ಮಾಡುವ ವಿಎಫ್‌ಡಿ ಹಾಕಿದ್ದೇವೆ. ಧೂಳಿಗೆ ಹೆದರಿ ಅದನ್ನು ಐಪಿ 65 ಕಬ್ಬಿಣದ ಪ್ಯಾನೆಲಿನಲ್ಲಿ ಕೂರಿಸಿದರೆ ಮಧ್ಯಾಹ್ನದ ಹೊತ್ತಿಗೆ ‘ಓವರ್ ಹೀಟ್’ ತೋರಿಸಿ ನಿಲ್ಲುತ್ತದೆ. ಬಾಗಿಲು ತೆರೆದಿಟ್ಟರೆ ಓಡುತ್ತದೆ. (ಸಿಂಧನೂರು)

ಉತ್ತರ: ಧೂಳು ಹೋಗದ ಡಬ್ಬಿಯಿಂದ ಬಿಸಿಯೂ ಹೋಗದು. ಲೆಕ್ಕ ನೋಡಿ. ನಿಮ್ಮ 10 ಎಚ್‌ಪಿ, ಅಂದರೆ 7.5 ಕಿಲೋವಾಟಿನ ಡ್ರೈವ್ (ವಿಎಫ್‌ಡಿ) ತನ್ನೊಳಗೇ ಸುಮಾರು ಶೇ. 3ರಷ್ಟು ಕಳೆಯುತ್ತದೆ, ಅಂದರೆ 225 ವಾಟ್ ಶಾಖ. ನಿಮ್ಮ ಪ್ಯಾನೆಲ್ 600×800×300 ಮಿ.ಮೀ. ಇದ್ದು ಗೋಡೆಗೆ ಒರಗಿದ್ದರೆ ಬಿಸಿ ಬಿಡುವ ಮೈ ಸುಮಾರು 1.14 ಚದರ ಮೀಟರ್. ಬಣ್ಣ ಬಳಿದ ಉಕ್ಕಿನ ತಗಡು ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.5 ವಾಟ್ ಬಿಡುತ್ತದೆ. ಭಾಗಿಸಿದರೆ ಒಳಗಿನ ಗಾಳಿ ಹೊರಗಿನದಕ್ಕಿಂತ 36 ಡಿಗ್ರಿ ಮೇಲೆ. ಹೊರಗೆ 40 ಇದ್ದಾಗ ಒಳಗೆ 76. ಡ್ರೈವ್‌ಗಳಿಗೆ ಹೆಚ್ಚಾಗಿ 40ರಿಂದ 50 ಡಿಗ್ರಿಯೇ ಮಿತಿ. ಅದು ನಿಂತದ್ದರಿಂದಲೇ ಉಳಿದಿದೆ.

ಒಳ್ಳೆಯ ಪರಿಹಾರವೆಂದರೆ ಡ್ರೈವಿನ ಹೀಟ್ ಸಿಂಕ್ (ಶಾಖ ಹೊರಬಿಡುವ ಲೋಹದ ಭಾಗ) ಪ್ಯಾನೆಲಿನ ಹಿಂಬದಿ ಕಂಡಿಯಿಂದ ಹೊರಗಿರುವಂತೆ ಗ್ಯಾಸ್ಕೆಟ್ ಹಾಕಿ ಕೂರಿಸುವುದು. ಶಾಖದ ಬಹುಪಾಲು ಹೊರಗೇ ಹೋಗುತ್ತದೆ. ಎಲೆಕ್ಟ್ರಾನಿಕ್ ಭಾಗ ಮುಚ್ಚಿದ ಡಬ್ಬಿಯಲ್ಲೇ ಉಳಿಯುತ್ತದೆ. ಡ್ರೈವಿನ ಕೈಪಿಡಿ ಇದಕ್ಕೆ ಒಪ್ಪಿದೆಯೇ ಮೊದಲು ನೋಡಿಕೊಳ್ಳಿ. ಎರಡನೆಯ ದಾರಿ ಫ್ಯಾನ್ ಮತ್ತು ಫಿಲ್ಟರ್: ಕೆಳಗಿನಿಂದ ಗಾಳಿ ಒಳಗೆ ತಳ್ಳುವ ಫ್ಯಾನ್, ಮೇಲೆ ಎದುರು ಬದಿಯಲ್ಲಿ ಹೊರದಾರಿ. ಮೇಲಿನಿಂದ ಎಳೆಯುವ ಫ್ಯಾನ್ ಹಾಕಿದರೆ ಡಬ್ಬಿಯೊಳಗೆ ಒತ್ತಡ ಇಳಿದು ಪ್ರತಿ ಸಂದಿನಿಂದಲೂ ಧೂಳು ನುಗ್ಗುತ್ತದೆ. ಪ್ಯಾನೆಲ್ ಆಗ ಐಪಿ 54ಕ್ಕೆ ಇಳಿಯುತ್ತದೆ, ಇಳಿಯಲಿ. ಆದರೆ ಗಿರಣಿಯ ತೌಡಿಗೆ ಫಿಲ್ಟರ್ ಬೇಗ ಕಟ್ಟುತ್ತದೆ. ವಾರಕ್ಕೊಮ್ಮೆ ಕಳಚಿ ಕೊಡವಲು ಆಳಿಲ್ಲದಿದ್ದರೆ ಈ ದಾರಿ ಬೇಡ. ಸಾಧ್ಯವಾದರೆ ಪ್ಯಾನೆಲನ್ನೇ ಧೂಳಿಲ್ಲದ ಕೋಣೆಗೆ ಸಾಗಿಸಿ. ಡ್ರೈವಿನಿಂದ ಮೋಟಾರಿಗೆ ಕೇಬಲ್ ಎಷ್ಟು ಉದ್ದವಿರಬಹುದು ಎಂಬ ಮಿತಿಯೂ ಕೈಪಿಡಿಯಲ್ಲಿರುತ್ತದೆ.

ಪ್ರಶ್ನೆ: ಹಿಟ್ಟಿನ ಗಿರಣಿಗೆ ಐಪಿ 44 ಮೋಟಾರ್ ಸಾಕೇ? (ಗೋಕಾಕ)

ಉತ್ತರ: ಸಾಲದು. ಅಲ್ಲಿನ ಮೊದಲ 4 ತಡೆಯುವುದು 1 ಮಿ.ಮೀ. ತಂತಿಯನ್ನು, ಹಿಟ್ಟಿನ ಕಣ ಅದಕ್ಕಿಂತ ಎಷ್ಟೋ ಸಣ್ಣದು. ಐಪಿ 55 ಕೇಳಿ, ಅದೀಗ ಸಾಮಾನ್ಯ ಮಾಲೇ. ಆದರೆ ಮೋಟಾರ್ ಕೊಂಡು ತಂದು ಟರ್ಮಿನಲ್ ಬಾಕ್ಸಿನ ಮುಚ್ಚಳವನ್ನು ಎರಡೇ ಸ್ಕ್ರೂನಲ್ಲಿ ಬಿಗಿದು, ಗ್ಲ್ಯಾಂಡಿನ ಜಾಗದಲ್ಲಿ ಬಟ್ಟೆ ತುರುಕಿದರೆ 55 ಬರೀ ಪಟ್ಟಿಯ ಮೇಲಿನ ಅಕ್ಷರ. ಇನ್ನು ಮೋಟಾರಿನ ಮೈಯ ರೆಕ್ಕೆಗಳ ನಡುವೆ, ಹಿಂದಿನ ಫ್ಯಾನಿನ ಜಾಲರಿಯಲ್ಲಿ ಹಿಟ್ಟು ಗಟ್ಟಿಯಾದರೆ ಯಾವ ಅಂಕಿಯೂ ಕಾಯದು. ಮೋಟಾರ್ ಬಿಸಿಯಾಗಿ ವೈಂಡಿಂಗ್ ಹೋಗುತ್ತದೆ. ಕರೆಂಟ್ ತೆಗೆದು ಬ್ರಷ್‌ನಲ್ಲಿ ಒರೆಸಿ. ಏರ್ ಕಂಪ್ರೆಸರ್ ಹಿಡಿದರೆ ಹಿಟ್ಟು ಶಾಫ್ಟಿನ ಸೀಲಿನೊಳಗೆ ತೂರುತ್ತದೆ. ಅದಕ್ಕಿಂತ ಮುಖ್ಯವಾಗಿ ಹಾರುವ ಹಿಟ್ಟಿನ ಮೋಡಕ್ಕೆ ಕಿಡಿ ತಗುಲಿದರೆ ಸ್ಫೋಟವೇ ಆಗಬಹುದು.

ದೊಡ್ಡ ರೋಲರ್ ಮಿಲ್ ನಡೆಸುವವರು ಒಂದು ಮಾತು ಗಮನಿಸಬೇಕು. ಐಪಿ 65 ಎಂದರೆ ಸ್ಫೋಟ ನಿರೋಧಕ ಎಂದಲ್ಲ. ಸುಡುವ ಧೂಳಿರುವ ವಲಯಕ್ಕೆ ಐಎಸ್/ಐಇಸಿ 60079-31 ಪ್ರಕಾರ ಪ್ರಮಾಣೀಕರಿಸಿದ ಮೋಟಾರ್ ಬೇಕು. ಅದರಲ್ಲಿ ಧೂಳು ತಡೆಯುವ ಡಬ್ಬಿಯ ಜೊತೆಗೆ ಹೊರಮೈಯ ಉಷ್ಣತೆಗೂ ಮಿತಿ ಇರುತ್ತದೆ.

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಐಪಿ 67. ಸರ್ವಿಸ್ ಸ್ಟೇಷನ್ನಿನಲ್ಲಿ ಪ್ರೆಷರ್ ವಾಷ್ ಮಾಡಿಸಬಹುದೇ? ಮಳೆ ಬಂದು ರಸ್ತೆ ತುಂಬಿದಾಗ ಓಡಿಸಬಹುದೇ? (ಬೆಂಗಳೂರು)

ಉತ್ತರ: ಪ್ರೆಷರ್ ವಾಷ್ ಬೇಡ. 6ರವರೆಗಿನ ನೀರಿನ ಅಂಕಿಗಳಲ್ಲಿ ಮೇಲಿನದು ಕೆಳಗಿನವನ್ನು ಒಳಗೊಂಡಿರುತ್ತದೆ. 7, 8ರಲ್ಲಿ ಹಾಗಿಲ್ಲ. ನಿಂತ ನೀರಿನಲ್ಲಿ ಮುಳುಗಿ ಗೆದ್ದ ಡಬ್ಬಿ ಧಾರೆಗೆ ಸೋಲಬಹುದು, ಏಕೆಂದರೆ ಧಾರೆ ರಬ್ಬರಿನ ಅಂಚನ್ನು ಎತ್ತಿ ಒಳನುಗ್ಗುತ್ತದೆ. ಎರಡನ್ನೂ ಗೆದ್ದಿದ್ದರೆ ತಯಾರಕರು ‘ಐಪಿ 65/67’ ಎಂದು ಎರಡನ್ನೂ ಬರೆಯುತ್ತಾರೆ. ಹಾಗೆ ಬರೆದಿದ್ದರೂ ಅಲ್ಲಿನ 5 ಎಂದರೆ ಎರಡೂವರೆ ಮೀಟರ್ ದೂರದಿಂದ ಬರುವ ತೋಟದ ಪೈಪಿನಂಥ ಧಾರೆ. ಗೇಣು ದೂರದಿಂದ ಬಡಿಯುವ ವಾಷರ್ ಗನ್ ಅಲ್ಲ. ಬಕೆಟ್, ಒದ್ದೆ ಬಟ್ಟೆ ಸಾಕು.

ತುಂಬಿದ ರಸ್ತೆಯ ವಿಷಯಕ್ಕೆ ಬಂದರೆ, 67 ಇರುವುದು ಬ್ಯಾಟರಿಗೆ. ಕಂಟ್ರೋಲರ್, ಚಾರ್ಜಿಂಗ್ ಸಾಕೆಟ್, ಕನೆಕ್ಟರ್, ಮೋಟಾರ್ ಇವುಗಳ ಅಂಕಿ ಬೇರೆ ಬೇರೆ ಇರಬಹುದು. ಗಾಡಿಯ ಅಂಕಿ ಎಂದರೆ ಅವುಗಳಲ್ಲಿ ಅತಿ ಕಡಿಮೆಯದು. ಚಕ್ರದೊಳಗೇ ಮೋಟಾರ್ ಇರುವ ಗಾಡಿ ಹತ್ತಾರು ಕಿಲೋಮೀಟರ್ ಓಡಿ ಕಾದು ತಣ್ಣೀರಿಗೆ ಇಳಿದರೆ, ತೀರ್ಥಹಳ್ಳಿಯವರ ಡಬ್ಬಿಗೆ ಹೇಳಿದ್ದೇ ಇಲ್ಲೂ ನಡೆಯುತ್ತದೆ: ಒಳಗಿನ ಗಾಳಿ ಕುಗ್ಗಿ, ಆಕ್ಸಲ್ ಮೂಲಕ ಕೇಬಲ್ ಹೋಗುವ ತೂತಿನಿಂದ ನೀರೆಳೆದುಕೊಳ್ಳುತ್ತದೆ. ನೀರು ಆಕ್ಸಲ್ ಮಟ್ಟಕ್ಕೆ ಬಂದಿದ್ದರೆ ಇಳಿದು ಕಾಯಿರಿ. ಮುಳುಗಿದ ಗಾಡಿಯನ್ನು ತಪಾಸಣೆಗೆ ಮುಂಚೆ ಚಾರ್ಜಿಗೆ ಹಾಕಲೇಬೇಡಿ.

ಪ್ರಶ್ನೆ: ಐಪಿ 68 ಫೋನನ್ನು ಈಜುಕೊಳಕ್ಕೆ ಒಯ್ಯಬಹುದೇ? (ಹುಬ್ಬಳ್ಳಿ)

ಉತ್ತರ: ಬೇಡ. ಪರೀಕ್ಷೆ ನಡೆದದ್ದು ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ, ಫೋನ್ ಅಲುಗಾಡದಂತೆ ಇಟ್ಟು. ಕ್ಲೋರಿನ್, ಸೋಪು, ಉಪ್ಪು, ಬಿಸಿನೀರು ಆ ಲೆಕ್ಕದಲ್ಲಿಲ್ಲ. ಒಮ್ಮೆ ಬಿದ್ದು ಅಂಚು ಜಜ್ಜಿದರೆ, ಗಾಜು ಬದಲಾಯಿಸಿದರೆ ಒಳಗಿನ ಅಂಟು ಮೊದಲಿನಂತಿರದು. ವಾರಂಟಿ ಕಾಗದದಲ್ಲಿ ನೀರಿನ ಹಾನಿಯ ಬಗ್ಗೆ ಏನಿದೆ ಎಂದು ಓದಿದರೆ ತಯಾರಕರಿಗೇ ಎಷ್ಟು ಧೈರ್ಯವಿದೆಯೆಂದು ತಿಳಿಯುತ್ತದೆ.

ಪ್ರಶ್ನೆ: ಬಚ್ಚಲಿನ ಗೀಸರಿಗೆ ಎಷ್ಟು ಇರಬೇಕು? ಸ್ವಿಚ್ಚನ್ನೂ ಒಳಗೇ ಇಡಬಹುದೇ? (ಹಾಸನ)

ಉತ್ತರ: ಶವರ್ ಅಥವಾ ಸ್ನಾನದ ತೊಟ್ಟಿಯ ನೇರ ಮೇಲೆ ನೆಲದಿಂದ 2.25 ಮೀಟರ್ ಎತ್ತರದವರೆಗೆ, ಹಾಗೂ ತೊಟ್ಟಿಯ ಅಂಚಿನಿಂದ 60 ಸೆಂ.ಮೀ. ಒಳಗೆ ಇರುವ ಉಪಕರಣಕ್ಕೆ ನೀರಿನ ಅಂಕಿ ಕನಿಷ್ಠ 4 ಇರಬೇಕೆಂದು ಅಂತರರಾಷ್ಟ್ರೀಯ ವೈರಿಂಗ್ ನಿಯಮ ಹೇಳುತ್ತದೆ. ಐಪಿ ಎಕ್ಸ್ 4 ಅಥವಾ ಐಪಿ 24 ಎಂದು ಗೀಸರಿನ ಪಟ್ಟಿಯಲ್ಲಿ ಹುಡುಕಿ. ಸಾಮಾನ್ಯ ಸ್ವಿಚ್, 16 ಆಂಪಿಯರ್ ಸಾಕೆಟ್‌ಗಳಿಗೆ ಆ ಅಂಕಿ ಇರದು, ಬಾಗಿಲ ಹೊರಗಿರಲಿ. ಅಂಕಿ ಎಷ್ಟಿದ್ದರೂ ಅರ್ತಿಂಗ್ ಮತ್ತು ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕೇ ಬೇಕು.

ಪ್ರಶ್ನೆ: ಗಣೇಶನ ಪೆಂಡಾಲಿಗೆ ಐಪಿ 65 ಎಲ್‌ಇಡಿ ಪಟ್ಟಿ ತಂದು ಅಳತೆಗೆ ಕತ್ತರಿಸಿದೆವು. ಮಳೆಗೆ ಅರ್ಧ ಪಟ್ಟಿ ಆರಿತು. (ಚನ್ನರಾಯಪಟ್ಟಣ)

ಉತ್ತರ: ಕತ್ತರಿಸಿದ ತುದಿ ಬಯಲಾಗಿದ್ದಕ್ಕೆ. ಪ್ರತಿ ತುದಿಗೂ ಮುಚ್ಚಳ ತೊಡಿಸಿ ನ್ಯೂಟ್ರಲ್ ಸಿಲಿಕೋನ್ ತುಂಬಬೇಕು. ಪಟ್ಟಿ 65 ಇದ್ದರೂ ಅದರ ಅಡಾಪ್ಟರ್ ಬಹುತೇಕ 20. ಅದನ್ನು ಪೆಂಡಾಲಿನ ನೆಲದಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿಟ್ಟರೆ ಕಾದು ಕರಗುತ್ತದೆ. ಒಣ ಜಾಗದಲ್ಲಿ, ಎತ್ತರದಲ್ಲಿ, ಗಾಳಿಯಾಡುವಂತೆ ಇಡಿ. ಮುಚ್ಚಳವಿರುವ ಹೊರಾಂಗಣ ಸಾಕೆಟ್‌ಗಳಿಗೂ ಇದೇ ಮಾತು: ಬರೆದ ಅಂಕಿ ಮುಚ್ಚಳ ಹಾಕಿದಾಗಿನದು. ಸಾಮಾನ್ಯ ಪ್ಲಗ್ ಚುಚ್ಚಿ ಮುಚ್ಚಳ ಅರೆತೆರೆದಿದ್ದರೆ ಮಳೆಗೆ ಅದೂ ಬಯಲೇ.

ಪ್ರಶ್ನೆ: ಬೋರ್‌ವೆಲ್ ಮೋಟಾರ್ ರಿಪೇರಿಗೆ ಬಿಚ್ಚಿಸಿದಾಗ ಒಳಗೆಲ್ಲ ನೀರಿತ್ತು. ಪಟ್ಟಿಯಲ್ಲಿ ಐಪಿ 68 ಎಂದಿದೆ. ಮೋಸವೇ? (ಕೋಲಾರ)

ಉತ್ತರ: ಮೋಸವಲ್ಲ. ನೀರು ತುಂಬುವ ಬಗೆಯ ಮೋಟಾರುಗಳಿಗೆ ಬೋರಿಗೆ ಇಳಿಸುವ ಮುಂಚೆ ನಾವೇ ಶುದ್ಧ ನೀರು ತುಂಬಬೇಕು. ಬೇರಿಂಗಿಗೆ ಜಾರುವಿಕೆಯೂ ವೈಂಡಿಂಗಿಗೆ ತಂಪೂ ಅದರಿಂದಲೇ. ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ನೀರು ತಗುಲಿದರೆ ತೊಂದರೆಯಿಲ್ಲ. ಒಳಗೆ ಮರಳೋ ಕೆಸರೋ ಇತ್ತೇ ಎಂದು ಕೇಳಿ. ಇದ್ದರೆ ಸೀಲ್ ಸವೆದಿದೆ. ನೀರಿನಿಂದ ನಿಜವಾಗಿ ಕೆಡುವುದು ಮೋಟಾರಿನ ಮೇಲೆ ಮಾಡಿದ ಕೇಬಲ್ ಜಾಯಿಂಟ್. ಬರೀ ಇನ್ಸುಲೇಷನ್ ಟೇಪ್ ಸಾಲದು. ನೀರಡಿ ಜಾಯಿಂಟ್ ಕಿಟ್ ಬಳಸಿ, ಇಳಿಸುವ ಮುಂಚೆ ಮತ್ತು ಇಳಿಸಿದ ಮೇಲೆ ಇನ್ಸುಲೇಷನ್ ಎಷ್ಟು ಗಟ್ಟಿಯಿದೆ ಎಂದು 500 ವೋಲ್ಟ್ ಮೆಗ್ಗರಿನಿಂದ ಅಳೆಸಿ. ಓದು 1 ಮೆಗಾಓಮ್‌ಗಿಂತ ಕೆಳಗಿದ್ದರೆ ಚಾಲೂ ಮಾಡಬೇಡಿ.

ಪ್ರಶ್ನೆ: ಮೀನುಗಾರಿಕೆ ಬೋಟಿನ ಲೈಟು, ಜಂಕ್ಷನ್ ಬಾಕ್ಸುಗಳಿಗೆ ಐಪಿ 67 ಹಾಕಿದರೂ ಒಂದೇ ವರ್ಷದಲ್ಲಿ ಹಾಳು. (ಮಲ್ಪೆ)

ಉತ್ತರ: ಐಪಿ ಪರೀಕ್ಷೆಯಲ್ಲಿ ಉಪ್ಪಿಲ್ಲ, ಬಿಸಿಲಿಲ್ಲ, ತುಕ್ಕಿಲ್ಲ. ಅದಕ್ಕೇ ಅಂಕಿಯ ಜೊತೆಗೆ ಡಬ್ಬಿ ಏತರಿಂದ ಮಾಡಿದ್ದು ಎಂದು ಕೇಳಬೇಕು. ಬಣ್ಣ ಬಳಿದ ಕಬ್ಬಿಣದ ಡಬ್ಬಿಯಲ್ಲಿ ತುಕ್ಕು ಶುರುವಾಗುವುದು ಗ್ಯಾಸ್ಕೆಟ್ ಕೂರುವ ಅಂಚಿನಲ್ಲೇ. ತುಕ್ಕು ಉಬ್ಬಿ ರಬ್ಬರನ್ನು ಎತ್ತುತ್ತದೆ. ಅಲ್ಯುಮಿನಿಯಂ ಡಬ್ಬಿಗೆ ಹಿತ್ತಾಳೆ ಗ್ಲ್ಯಾಂಡ್ ಹಾಕಿದರೆ ನಡುವಿನ ಉಪ್ಪುನೀರಿನಿಂದ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ. ಫೈಬರ್ ಅಥವಾ ಪಾಲಿಕಾರ್ಬೊನೇಟ್ ಡಬ್ಬಿ, ನೈಲಾನ್ ಗ್ಲ್ಯಾಂಡ್, 316 ದರ್ಜೆಯ ಸ್ಟೀಲ್ ಸ್ಕ್ರೂ, ತಂತಿಯ ತುದಿಗೆ ತವರ ಲೇಪಿಸಿದ ತಾಮ್ರದ ಲಗ್ ಬಳಸಿ. ಅಲೆ ಹೊಡೆಯುವ ಡೆಕ್ಕಿಗೆ 67 ಒಂದೇ ಸಾಲದು. 66/67 ಎಂದಿರುವುದನ್ನು ಆರಿಸಿ.

ಪ್ರಶ್ನೆ: ಗ್ರಾಮ ಪಂಚಾಯಿತಿಗೆ ಬೀದಿದೀಪ ಕೊಳ್ಳಬೇಕು. ಕೊಟೇಷನ್ನಿನಲ್ಲಿ ಎಲ್ಲರೂ ಐಪಿ 66 ಎಂದೇ ಬರೆದಿದ್ದಾರೆ. ಖಾತ್ರಿ ಮಾಡಿಕೊಳ್ಳುವುದು ಹೇಗೆ? (ಚಳ್ಳಕೆರೆ)

ಉತ್ತರ: ಪರೀಕ್ಷಾ ವರದಿ ಕೇಳಿ, ‘ಸರ್ಟಿಫಿಕೇಟ್’ ಎಂಬ ಬಣ್ಣದ ಕಾಗದವನ್ನಲ್ಲ. ವರದಿಯಲ್ಲಿ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದ ಹೆಸರು, ದಿನಾಂಕ, ಪರೀಕ್ಷಿಸಿದ ಮಾದರಿಯ ಸಂಖ್ಯೆ, ಫೋಟೊ ಇರಬೇಕು. ಆ ಮಾದರಿ ಸಂಖ್ಯೆ ನಿಮಗೆ ಕೊಡುವ ದೀಪದ್ದೇ ಎಂದು ತಾಳೆ ನೋಡಿ. 30 ವಾಟಿನ ವರದಿ ತೋರಿಸಿ 90 ವಾಟಿನದು ಮಾರುವುದುಂಟು. ಕೆಲವು ದೀಪಗಳಲ್ಲಿ ಬೆಳಕಿನ ಭಾಗ 66, ದೀಪಕ್ಕೆ ಕರೆಂಟ್ ಒದಗಿಸುವ ಡ್ರೈವರ್ ಕೂರುವ ಭಾಗ ಅದಕ್ಕಿಂತ ಕಡಿಮೆ ಇರುತ್ತದೆ. ಎರಡಕ್ಕೂ ಬೇರೆ ಬೇರೆ ಬರೆಸಿಕೊಳ್ಳಿ. ಕಲ್ಲೇಟಿನ ಭಯವಿದ್ದರೆ ‘ಐಕೆ’ ಅಂಕಿಯನ್ನೂ ಕೇಳಿ: ಐಕೆ 08 ಎಂದರೆ 5 ಜೂಲ್ ಪೆಟ್ಟು, ಐಕೆ 10 ಎಂದರೆ 20 ಜೂಲ್, ಅಂದರೆ 5 ಕಿಲೋ ತೂಕ 40 ಸೆಂ.ಮೀ. ಎತ್ತರದಿಂದ ಬಿದ್ದ ಪೆಟ್ಟು. ದೊಡ್ಡ ಆರ್ಡರ್ ಆದರೆ ಬಂದ ಮಾಲಿನಿಂದಲೇ ಒಂದನ್ನು ಎತ್ತಿ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಕಡೆ ಪರೀಕ್ಷೆ ಮಾಡಿಸುವ ಷರತ್ತನ್ನು ಟೆಂಡರಿನಲ್ಲೇ ಸೇರಿಸಿ.

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ನಮ್ಮ ಡಬ್ಬಿಗಳನ್ನು ನಾವೇ ಪರೀಕ್ಷಿಸಬಹುದೇ? (ಸಾಗರ, ಯಲ್ಲಾಪುರ)

ಉತ್ತರ: ಒರಟಾಗಿ ಮಾಡಬಹುದು. ಕರೆಂಟ್ ಪೂರ್ತಿ ತೆಗೆದು, ಟೆಸ್ಟರ್ ಇಟ್ಟು ಖಚಿತಪಡಿಸಿಕೊಳ್ಳಿ. ತೆಳುವಾದ ಕಾಗದದ ಪಟ್ಟಿಯನ್ನು ಮುಚ್ಚಳದ ಅಂಚಿನಲ್ಲಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸುತ್ತಲೂ ಐದೈದು ಸೆಂಟಿಮೀಟರಿಗೊಮ್ಮೆ ಹೀಗೆ ನೋಡಿ. ಸಲೀಸಾಗಿ ಜಾರಿ ಬಂದ ಜಾಗದಲ್ಲಿ ಗ್ಯಾಸ್ಕೆಟ್ ಕಚ್ಚುತ್ತಿಲ್ಲ. ಮುಚ್ಚಳದ ಸ್ಕ್ರೂಗಳನ್ನು ಒಂದಾದ ಮೇಲೊಂದು ಸುತ್ತಲೂ ಬಿಗಿಯುತ್ತಾ ಹೋದರೆ ಒಂದು ಮೂಲೆ ಏಳುತ್ತದೆ. ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮುಚ್ಚಳ ತೆಗೆದಾಗ ಗ್ಯಾಸ್ಕೆಟಿನ ಮೇಲೆ ಒತ್ತಿದ ಗೆರೆ ಉಬ್ಬದೆ ಹಾಗೇ ಉಳಿದಿದ್ದರೆ ರಬ್ಬರ್ ಸತ್ತಿದೆ, ಬದಲಿಸಿ. ಆಮೇಲೆ ಪ್ರತಿ ಗ್ಲ್ಯಾಂಡಿನ ಒಳಬಾಯಿಗೆ, ಗ್ಯಾಸ್ಕೆಟಿನ ಒಳ ಅಂಚಿಗೆ, ತಳಕ್ಕೆ ಟಿಶ್ಯೂ ಕಾಗದದ ತುಂಡು ಅಂಟಿಸಿ ಮುಚ್ಚಿ, 15 ಲೀಟರಿನ ಬಕೆಟ್ 72 ಸೆಕೆಂಡಿಗೆ ತುಂಬುವಷ್ಟು ಧಾರೆಯನ್ನು ಎರಡೂವರೆ ಮೀಟರ್ ದೂರದಿಂದ ಮೂರು ನಿಮಿಷ ಎಲ್ಲ ಬದಿಗೂ ಹಾಯಿಸಿ. ತೆರೆಯುವ ಮುಂಚೆ ಹೊರಮೈಯನ್ನು ಚೆನ್ನಾಗಿ ಒರೆಸಿ. ಇಲ್ಲದಿದ್ದರೆ ಮುಚ್ಚಳದಿಂದ ಸುರಿದ ನೀರೇ ಕಾಗದವನ್ನು ತೋಯಿಸಿ ದಾರಿ ತಪ್ಪಿಸುತ್ತದೆ. ತಳದ ತುಂಡು ಮಾತ್ರ ಒದ್ದೆಯಾಗಿದ್ದರೆ ಸೋರಿಕೆ ತಳದಲ್ಲೇ ಇದೆ ಎನ್ನಲಾಗದು. ಹಿಂಬದಿಯಲ್ಲಿ ಗೋಡೆಗೆ ಬಿಗಿದ ಸ್ಕ್ರೂ ತೂತುಗಳನ್ನು ನೋಡಿ, ಅಲ್ಲಿಗೆ ವಾಷರ್ ಹಾಕಲು ಹೆಚ್ಚಿನವರು ಮರೆತಿರುತ್ತಾರೆ. ಕಾಗದ ತೆಗೆದು, ಡಬ್ಬಿಯನ್ನು ಒಂದು ಹಗಲು ತೆರೆದಿಟ್ಟು ಒಣಗಿಸಿ, ಮೆಗ್ಗರ್ ನೋಡಿಸಿದ ಮೇಲೆಯೇ ಫ್ಯೂಸ್ ಹಾಕಿ.